ಮೂಲಗತಿಯ ಶೋಧ ಮತ್ತು ಕ್ಷಣಿಕವಾದ

ಮೂಲವು ಕೈತಪ್ಪಿ ಪ್ರತಿಯಷ್ಟೇ ಉಳಿದಿರುವಾಗ, ಆ ಪ್ರತಿಯೊಳಗಿಂದಲೇ ಹೊರತೆಗೆದದ್ದನ್ನು ಮೂಲವೆಂದು ಕರೆಯಬಹುದೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಅಪರಿಚಿತವಲ್ಲ, ಟಿ.ವಿ.ಯಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡ ಹಳೆಯ ಚಲನಚಿತ್ರಗಳು ಅದನ್ನು ಮತ್ತೊಮ್ಮೆ ಮುಂದಿಡುತ್ತವೆ. ವಾಕ್ಚಿತ್ರದ ರೀಲು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ದೂರದರ್ಶನವು ಅನುಸರಿಸಿದ ಪಾಲ್ ಪದ್ಧತಿಗೆ 25 ಬೇಕಾದ್ದರಿಂದ ರೀಲನ್ನೇ ತುಸು ವೇಗವಾಗಿ ಓಡಿಸುವುದು ರೂಢಿಯಾಗಿತ್ತು. ಹಾಗೆ ಮಾಡಿದಾಗ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಹಾಡಿನ ಶ್ರುತಿಯೂ ಏರುತ್ತದೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ತೊಡಕು ಇನ್ನೂ ದೊಡ್ಡದು. ಅಲ್ಲಿ ಸೆಕೆಂಡಿಗೆ ಸುಮಾರು 30 ಚೌಕಟ್ಟುಗಳನ್ನು ತುಂಬಿಸಬೇಕಾಗಿ, ಪ್ರತಿ ಚೌಕಟ್ಟನ್ನು ಬೆಸ ಗೆರೆ, ಸರಿ ಗೆರೆಗಳ ಅರ್ಧಚಿತ್ರಗಳಾಗಿ, ಅಂದರೆ ಫೀಲ್ಡುಗಳಾಗಿ ಬಿಡಿಸಿ, ಒಂದು ಚೌಕಟ್ಟಿಗೆ 2, ಮುಂದಿನದಕ್ಕೆ 3 ಫೀಲ್ಡುಗಳಂತೆ ಹಂಚುತ್ತಾರೆ. ಹೀಗೆ ರೀಲಿನ 4 ಚೌಕಟ್ಟುಗಳು ಟಿ.ವಿ.ಯ 5 ಆಗುತ್ತವೆ. ಅವುಗಳಲ್ಲಿ 2 ಬೆರಕೆಯವು, ಅಲ್ಲಿ ಬೀಸಿದ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡು ಕಾಣುತ್ತದೆ. ಪ್ರತಿ ಫೀಲ್ಡಿಗೂ ಅದರದೇ ಜೋಡಿಯನ್ನು ಹುಡುಕಿ ಸೇರಿಸಿ, ಮರುಕಳಿಸಿದ್ದನ್ನು ಕಳೆದರೆ 24ರ ಗತಿ ಮರಳುತ್ತದೆ.

ಈ ಜೋಡಿಯನ್ನು ಗುರುತಿಸುವುದು ಯಾವ ಬಗೆಯ ಜ್ಞಾನ? 'ಅದೇ ಇದು' ಎಂಬ ಅರಿವಿಗೆ ನ್ಯಾಯದರ್ಶನದವರಾದ ನೈಯಾಯಿಕರು ಪ್ರತ್ಯಭಿಜ್ಞೆ ಎನ್ನುತ್ತಾರೆ. ವಸ್ತು ಸ್ಥಿರವಾಗಿ ಉಳಿಯುತ್ತದೆ ಎನ್ನಲು ಅವರಿಗೆ ಅದೇ ಆಧಾರ, ಅವರಲ್ಲೊಬ್ಬನಾದ ಉದಯನನ ಆತ್ಮತತ್ತ್ವವಿವೇಕ ಬೌದ್ಧರ ಕ್ಷಣಿಕವಾದವನ್ನು ಎದುರಿಸುವುದೂ ಈ ನೆಲೆಯಿಂದಲೇ. ಇರುವುದೆಲ್ಲ ಕ್ಷಣಮಾತ್ರದ್ದು, ಕ್ಷಣಗಳ ಸಾಲು ಅಥವಾ ಸಂತಾನವನ್ನೇ ಜನರು ಒಂದು ವಸ್ತುವೆಂದು ಭಾವಿಸುತ್ತಾರೆ ಎನ್ನುವ ಬೌದ್ಧರಾದರೋ, ಸಾದೃಶ್ಯವನ್ನು ಏಕತೆಯೆಂದು ಭ್ರಮಿಸಲಾಗಿದೆ ಎಂದು ಉತ್ತರಿಸುತ್ತಾರೆ. ದೀಪದ ಜ್ವಾಲೆ ಅವರ ಪ್ರಸಿದ್ಧ ದೃಷ್ಟಾಂತ. ಫೀಲ್ಡುಗಳ ವಿಷಯದಲ್ಲಿ ಈ ಉತ್ತರಕ್ಕೆ ನಿಜವಾದ ತೂಕವಿದೆ, ಏಕೆಂದರೆ ಪಾತ್ರ ಅಲುಗಾಡದೆ ನಿಂತ ದೃಶ್ಯದಲ್ಲಿ ಅಕ್ಕಪಕ್ಕದ ಚೌಕಟ್ಟುಗಳು ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಯಾವುದು ಯಾವುದರ ಜೋಡಿ ಎಂದು ಹೋಲಿಕೆಯಿಂದ ತೀರ್ಮಾನಿಸಲಾಗುವುದಿಲ್ಲ. ಆಗ ನೆರವಾಗುವುದು ಹಿಂದಿನ ಮತ್ತು ಮುಂದಿನ ಚಲನೆಯಲ್ಲಿ ಸ್ಪಷ್ಟವಾಗಿ ಕಾಣುವ 2, 3, 2, 3ರ ಲಯ. ಅದರಿಂದ ನಡುವಿನ ಸ್ಥಾನವನ್ನು ಅನುಮಾನದಿಂದ, ಎಂದರೆ ಶಾಸ್ತ್ರೀಯ ಅರ್ಥದ ಅನುಮಾನ ಪ್ರಮಾಣದಿಂದ, ನಿರ್ಧರಿಸಬೇಕು. ಮರಳಿ ದೊರೆಯುವ ಮೂಲವೆಂದರೆ ವಸ್ತುವಲ್ಲ, ಕ್ಷಣಗಳು ಒಂದರ ಹಿಂದೆ ಒಂದು ಬಂದ ಕ್ರಮ ಎಂಬುದು ಇಲ್ಲಿ ಖಚಿತವಾಗುತ್ತದೆ.

ಪ್ರತಿಗಳಿಂದಲೇ ಮೂಲವನ್ನು ಅರಸುವ ಈ ವಿಚಾರ ಬಳ್ಳಾರಿ ಸೀಮೆಗೆ ದೂರದ್ದಲ್ಲ. ಜಿಲ್ಲೆಯ ನಿಟ್ಟೂರು, ಉದೇಗೊಳಂಗಳ ಬಂಡೆಗಳಲ್ಲಿ ಅಶೋಕನ ಹೆಸರಿರುವ ಕಿರುಶಾಸನಗಳಿವೆ. ಮಸ್ಕಿಯಲ್ಲೂ ಬ್ರಹ್ಮಗಿರಿಯಲ್ಲೂ ಆ ಆಜ್ಞೆಯ ಪಾಠಗಳಿವೆ. ಒಂದರಲ್ಲಿ ಸವೆದ ಅಕ್ಷರವನ್ನು ಇನ್ನೊಂದರ ನೆರವಿನಿಂದ ಓದುವ ವಿದ್ವಾಂಸರು ಯಾವ ಬಂಡೆಯನ್ನೂ ಮೂಲವೆನ್ನುವುದಿಲ್ಲ, ಆದರೂ ಆಜ್ಞೆಯ ಪಾಠವನ್ನು ವಿಶ್ವಾಸದಿಂದ ನಿರ್ಣಯಿಸುತ್ತಾರೆ.

ಚಲನಚಿತ್ರಗಳಿಗೆ ಮರಳಿದರೆ, ಮರುಕಳಿಕೆಯನ್ನು ಕಳೆಯಬಹುದು, ವೇಗವನ್ನು ಇಳಿಸಬಹುದು. ಆದರೆ ಪಾಲ್ ಕ್ಯಾಸೆಟ್ಟನ್ನು ಎನ್‌ಟಿಎಸ್‌ಸಿಗೆ ಪರಿವರ್ತಿಸುವಾಗ ಎರಡು ಕ್ಷಣಗಳು ಒಂದರೊಳಗೊಂದು ಕರಗಿಹೋಗಿದ್ದರೆ ಅವನ್ನು ಪೂರ್ಣವಾಗಿ ಬೇರ್ಪಡಿಸುವುದು ಬಹುಮಟ್ಟಿಗೆ ಅಸಾಧ್ಯ. ಇಂದಿನ ತಂತ್ರಾಂಶಗಳು ಅಂಥ ಎಡೆಗಳಲ್ಲಿ ಹೊಸ ಚೌಕಟ್ಟುಗಳನ್ನೇ ಊಹಿಸಿ ಬರೆದುಕೊಡುತ್ತವೆ, ಚಲನೆಯನ್ನು ನುಣುಪುಗೊಳಿಸಲು 24ನ್ನು 60ಕ್ಕೂ ಏರಿಸುತ್ತವೆ. ಕ್ಯಾಮೆರಾ ಎಂದೂ ಕಾಣದ ಆ ಕ್ಷಣಗಳನ್ನು ಪುನಃಸ್ಥಾಪನೆಯ ಹೆಸರಿನಲ್ಲಿ ಸೇರಿಸುವುದು ಸತ್ಯಕ್ಕೆ ಅಪಚಾರ. ಅವು ಎಲ್ಲೆಲ್ಲಿ ಬಂದಿವೆಯೋ ಅಲ್ಲಲ್ಲಿ ಅದನ್ನು ದಾಖಲಿಸಿಡಬೇಕು, ಕರಗಿದ ಚೌಕಟ್ಟನ್ನೂ ಅಳಿಸದೆ ಜೊತೆಗೆ ಕಾಯ್ದಿಡಬೇಕು.