ಹಿಡಿದು ಬಿಟ್ಟ ಮೀನಿನ ಲೆಕ್ಕ

ರಜೆ ಸಿಕ್ಕರೆ ಹುಬ್ಬಳ್ಳಿ-ಧಾರವಾಡದ ಗೆಳೆಯರ ಗುಂಪುಗಳು ದಾಂಡೇಲಿಯ ಕಾಳಿ ದಂಡೆಗೆ ಹೊರಡುತ್ತವೆ. ಗಾಳದ ಹುಚ್ಚಿರುವವರು ಇನ್ನೂ ದೂರದ ಹೊಳೆಗಳನ್ನು ಹುಡುಕುತ್ತಾರೆ. ಮೋಜಿಗೆ ಗಾಳ ಹಾಕುವವರಲ್ಲಿ ಈಗ ಒಂದು ನೇಮ ಬೆಳೆದಿದೆ: ಹಿಡಿದ ಮೀನಿನ ಫೋಟೊ ತೆಗೆದು ಮತ್ತೆ ನೀರಿಗೆ ಬಿಡುವುದು. ಕೊಂದಿಲ್ಲವೆಂದ ಮೇಲೆ ಹಿಂಸೆ ಎಲ್ಲಿ ಬಂತು ಎಂದು ಅವರು ಕೇಳುತ್ತಾರೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದಾಗ, 959ರಲ್ಲಿ, ಜೈನ ಕವಿ ಸೋಮದೇವಸೂರಿ ಸಂಸ್ಕೃತದಲ್ಲಿ ಮುಗಿಸಿದ 'ಯಶಸ್ತಿಲಕ ಚಂಪು'ವಿನಲ್ಲಿ ಇದಕ್ಕೆ ಉತ್ತರವಿದೆ. ನೇಗಿಲು ಹೂಡಿದವನ ಕಾಲಡಿ ಹುಳ ಸತ್ತರೂ ಅವನಿಗೆ ಪಾಪವಿಲ್ಲ, ಒಂದೂ ಮೀನು ಸಿಗದ ಬೆಸ್ತನಿಗೆ ಪಾಪವಿದೆ ಎನ್ನುತ್ತಾನೆ ಅವನು; ತೂಗಬೇಕಾದದ್ದು ಸಂಕಲ್ಪವನ್ನು, ಸತ್ತ ಜೀವಗಳ ಸಂಖ್ಯೆಯನ್ನಲ್ಲ. ಅದೇ ಕೃತಿಯಲ್ಲಿ ಮೃಗಸೇನನೆಂಬ ಬೆಸ್ತನ ಕತೆಯೂ ಬರುತ್ತದೆ. ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂದು ಅವನು ಮುನಿಯೆದುರು ವ್ರತ ತೊಡುತ್ತಾನೆ. ಅದೇ ಮೀನು ಐದು ಸಲ ಸಿಗುತ್ತದೆ, ಐದು ಸಲವೂ ಬಿಡುತ್ತಾನೆ, ಬರಿಗೈಯಲ್ಲಿ ಬಂದದ್ದಕ್ಕೆ ಹೆಂಡತಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಬಿಟ್ಟದ್ದು ಅಂದಿನ ಊಟವನ್ನು. ಮೋಜಿನವನು ಏನನ್ನು ಬಿಟ್ಟ? ದಾರ ಬಿಗಿದು ಮೀನು ಎಳೆದಾಡಿದಾಗಲೇ ಅವನಿಗೆ ಬೇಕಾದ ಸುಖ ಸಿಕ್ಕಾಗಿದೆ.

ಮೀನಿಗೆ ನೋವೇ ಆಗುವುದಿಲ್ಲ ಎನ್ನುವವರಿದ್ದಾರೆ. ಟ್ರೌಟ್ ಮೀನಿನ ತಲೆಯಲ್ಲಿ ಗಾಯಕ್ಕೆ ಸ್ಪಂದಿಸುವ ನರತುದಿಗಳಿವೆಯೆಂದು 2003ರಲ್ಲಿ ಸ್ಕಾಟ್ಲೆಂಡಿನ ಸಂಶೋಧಕರು ತೋರಿಸಿದರು. ಅದನ್ನೇ ನೋವು ಎನ್ನಲಾಗದು ಎಂಬ ವಿಜ್ಞಾನಿಗಳೂ ಇದ್ದಾರೆ. ಇರಲಿ. ಸಂಶಯವಿರುವಾಗ ಅದರ ಲಾಭ ಯಾರಿಗೆ ಸೇರಬೇಕು, ಬಾಯಿಲ್ಲದ ಜೀವಕ್ಕೋ ನಮ್ಮ ಮೋಜಿಗೋ? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾವೇರಿಯಿಂದ ಬರುತ್ತದೆ. ಭೀಮೇಶ್ವರಿ, ಗಾಳಿಬೋರೆ ಶಿಬಿರಗಳಲ್ಲಿ ಮಹಶೀರ್ ಮೀನು ಹಿಡಿದು ಬಿಡಲು ಬಂದವರ ದುಡ್ಡಿನಿಂದ ಕಾವಲುಗಾರರಿಗೆ ಸಂಬಳ ಸಿಗುತ್ತಿತ್ತು, ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ದೂರವಿರುತ್ತಿದ್ದರು. ಸೆರೆಹಿಡಿಯುವುದನ್ನೂ ಬೇಟೆ ಎನ್ನುವ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಅಲ್ಲಿನ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಗಾಳದವರು 1998ರಿಂದ 2012ರವರೆಗೆ ಗಾಳಿಬೋರೆಯಲ್ಲಿ ಬರೆದಿಟ್ಟ ಲೆಕ್ಕದಿಂದಲೇ ಒಂದು ಕಹಿ ಸತ್ಯವೂ ಹೊರಬಿತ್ತು: ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಅಳಿಯುತ್ತಿತ್ತು. ಆ ಲೆಕ್ಕ ಸಣ್ಣ ಉಪಕಾರವಲ್ಲ. ಆದರೆ ಎಣಿಸಲೆಂದು ಹಾಕುವ ಗಾಳಕ್ಕೆ ಮಿತಿಯುಂಟು, ಎಣಿಕೆ ಮುಗಿದರೆ ಅದೂ ಮುಗಿಯುತ್ತದೆ; ಮೋಜಿನದಕ್ಕೆ ಅಂಥ ಮಿತಿಯಿಲ್ಲ. ಕಾವಲಿನ ಸಂಬಳಕ್ಕೂ ಮೀನಿನ ತುಟಿ ಹರಿಯಲೇಬೇಕೆಂದೇನಿಲ್ಲ. ಶೃಂಗೇರಿಯ ತುಂಗೆಯಲ್ಲಿ, ದೇವರ ಮೀನೆಂಬ ಭಕ್ತಿಯಿಂದ ಯಾರೂ ಗಾಳ ಹಾಕದೆಯೇ, ಮೀನು ದೊಡ್ಡವಾಗಿವೆ. ಭಕ್ತಿಯೊಂದೇ ಸಾಕೆಂದೂ ಹೇಳಲಾರೆ: ಶಿಶಿಲದ ಮತ್ಸ್ಯತೀರ್ಥದಲ್ಲಿ 1996ರಲ್ಲಿ ದೇವರ ಮೀನುಗಳಿಗೆ ವಿಷ ಹಾಕಿದ ಮಂದಿಯೂ ಇದ್ದರು. ಕಾವಲು ಬೇಕು, ದುಡ್ಡೂ ಬೇಕು; ನೋಡಲು ಬಂದವರಿಂದಲೂ ಅದನ್ನು ಪಡೆಯಬಹುದು.

ಹಾಗಾದರೆ ಕೆರೆಯಲ್ಲಿ ಬಲೆ ಬೀಸಿ, ಹಿಡಿದದ್ದನ್ನು ಸಂತೆಯಲ್ಲಿ ಮಾರುವವನು ಇನ್ನೂ ದೊಡ್ಡ ಪಾಪಿಯಲ್ಲವೇ ಎಂದರೆ, ಇಲ್ಲಿ ನಾನು ಸೋಮದೇವನ ಜೊತೆಗಿಲ್ಲ. ಅವನ ಅಳತೆಗೋಲು ಸರಿ, ಅಳೆದದ್ದು ಅರ್ಧ. ಬೆಸ್ತನ ಸಂಕಲ್ಪದಲ್ಲಿ ಮನೆಮಂದಿಯ ಹಸಿವೂ ಸೇರಿದೆ. ಮೋಜಿನ ಗಾಳದ ಹಿಂದೆ ಯಾರ ಹಸಿವೂ ಇಲ್ಲ. ಸಂಕಲ್ಪವನ್ನೇ ತೂಗುವುದಾದರೆ, ಮೀನು ಕೊಂದು ತಿಂದವನಿಗಿಂತ ಮೀನು ಬಿಟ್ಟವನ ತಪ್ಪೇ ಹೆಚ್ಚು.