ಕೆಳಮನೆಯ ರಾತ್ರಿ

ಅಂಧೇರಿಯ ಬಾಡಿಗೆ ಫ್ಲ್ಯಾಟಿನಲ್ಲಿ ನಾವು ನಾಲ್ವರು ಧಾರವಾಡದ ಹುಡುಗರು ಭಾನುವಾರ ಮಧ್ಯಾಹ್ನ ಬ್ಯಾಂಡ್ ಪ್ರಾಕ್ಟೀಸ್ ಮಾಡುತ್ತಿದ್ದೆವು. ಗಂಟೆ ಲೆಕ್ಕದ ಜ್ಯಾಮ್ ರೂಮಿಗೆ ದುಡ್ಡು ಸಾಲುತ್ತಿರಲಿಲ್ಲ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಧೈರ್ಯದಿಂದಿದ್ದೆವು. (ಅದರಿಂದ ಕೋಣೆಯೊಳಗಿನ ಮಾರ್ದನಿ ತುಸು ತಗ್ಗುತ್ತದೆ, ಅಷ್ಟೆ. ಬೇಸ್ ಡ್ರಮ್ಮಿನ ಗುದ್ದು ನೆಲದ ಮೂಲಕವೇ ಇಳಿದುಹೋಗುತ್ತದೆ.)

ಒಂದು ದಿನ ಕೆಳಮನೆಯ ಆಂಟಿ ಬಾಗಿಲು ತಟ್ಟಿದರು. ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿಯಂತೆ. ನಾನು ಕಾನೂನು ಹೇಳಿದೆ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶದಲ್ಲಿ ಹಗಲಿಗೂ 55 ಡೆಸಿಬಲ್ ಮಿತಿಯಿದೆ, ಡ್ರಮ್ ಸೆಟ್ಟು ಸುಲಭವಾಗಿ 100 ಮುಟ್ಟುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ವಾದಿಸಲಿಲ್ಲ. "ನನಗೆ ಈಗಲೇ ರಾತ್ರಿ, ಬೇಟಾ" ಎಂದು ಇಳಿದುಹೋದರು.

ಮಿಕ್ಸಿ, ಡ್ರಿಲ್ಲಿಂಗು, ಗಣಪತಿ ಮೆರವಣಿಗೆ ಎಲ್ಲವನ್ನೂ ಸಹಿಸುವ ಊರು ನಮ್ಮನ್ನೇಕೆ ಸಹಿಸದು ಎಂಬ ಸಿಟ್ಟು ನನಗಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಹಾಡಿಗೂ ಒಂದು ಜಾಗ ಬೇಕಲ್ಲ? ಆದರೆ ಆರು ತಿಂಗಳಲ್ಲಿ ಒಮ್ಮೆಯೂ ನಾವು ಕೆಳಗಿಳಿದು ಕೇಳಿರಲಿಲ್ಲ. ಮರೆತದ್ದಲ್ಲ, ಕೇಳಿದರೆ ಬೇಡ ಎಂದಾರು ಅಂತ ಗೊತ್ತಿತ್ತು. ಅವರು ಸುಮ್ಮನಿದ್ದುದನ್ನೇ ಒಪ್ಪಿಗೆ ಎಂದು ಎಣಿಸಿಕೊಂಡಿದ್ದೆವು. ಕೇಳದೆಯೇ ಪಡೆದ ಒಪ್ಪಿಗೆ ಯಾರದು?

ಮರುದಿನ ಹೋಗಿ ಕೇಳಿದೆ. ಅವರಿಗೆ ಗುರುವಾರ ರಜೆ. ಈಗ ಗುರುವಾರ ಸಂಜೆ 7ಕ್ಕೆ, ಆಫೀಸಿನಿಂದ ಓಡಿಬಂದು, ಡ್ರಮ್ ಬದಲು ತಬಲಾ ಇಟ್ಟುಕೊಂಡು ನುಡಿಸುತ್ತೇವೆ. ಮೇಲ್ಮನೆಯವರನ್ನು ಇನ್ನೂ ಕೇಳಿಲ್ಲ.