ಆರು ಮತ್ತು ಎಂಟರ ನಡುವೆ

2020ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ನನ್ನನ್ನು ಇನ್ನೂ ಕಾಡುತ್ತಿದೆ. 108 ಜನರ ಮಿದುಳಿನ ಎಂಆರ್‌ಐ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು, ಒಂಬತ್ತು ಊಹೆಗಳು ನಿಜವೇ ಎಂದು ಕೇಳಿದ್ದರು. ಯಾವ ಎರಡು ತಂಡಗಳೂ ಒಂದೇ ದಾರಿ ಹಿಡಿಯಲಿಲ್ಲ. ಕೆಲವು ಊಹೆಗಳಿಗೆ ಉತ್ತರಗಳೂ ಬೇರೆಬೇರೆ ಬಂದವು. ಇದರಲ್ಲಿ ಮೋಸವೇನೂ ಇರಲಿಲ್ಲ.

ಎಸ್‌ಪಿಎಂ, ಎಫ್‌ಎಸ್‌ಎಲ್‌ನಂಥ ತಂತ್ರಾಂಶಗಳಲ್ಲಿ ಚಿತ್ರವನ್ನು ಎಷ್ಟು ಮಿಲಿಮೀಟರ್ ಮಬ್ಬಾಗಿಸಬೇಕೆಂದು ನಾವೇ ತೀರ್ಮಾನಿಸಬೇಕು. ನಾನೂ ಒಮ್ಮೆ ಆರನ್ನು ಅಳಿಸಿ ಎಂಟು ಹಾಕಿದೆ. ಬೇಕಿದ್ದ ಕಡೆಯೇ ಬಣ್ಣ ಮೂಡಿತು. ಎಂಟು ತಪ್ಪೇನಲ್ಲ, ಎಷ್ಟೋ ಜನ ಬಳಸುತ್ತಾರೆ. ಆದರೆ ಮೊದಲು ಆರನ್ನು ನೋಡಿದ್ದೆ, ಏನೂ ಕಾಣಲಿಲ್ಲ ಎಂಬುದನ್ನು ಬರೆಯದಿದ್ದರೆ? ಅದನ್ನು ಸುಳ್ಳು ಎನ್ನಲಾರೆ; ಪ್ರಾಮಾಣಿಕತೆ ಎನ್ನಲೂ ನಾಲಿಗೆ ಹೊರಳದು.

ಕರಡಿನಲ್ಲಿ ಆ ಸಾಲು ಸೇರಿಸಿದ್ದೇನೆ. ಗೈಡ್‌ಗೆ ಇನ್ನೂ ತೋರಿಸಿಲ್ಲ.